ಹಾಡು ಬಂತು, ಕರೆಂಟ್ ಬರಲಿಲ್ಲ: ಒಂದು ಕಾರ್ಡಿನ ಇತಿಹಾಸ

ಭಾಗ 1

ಮೊದಲ ಫೋಟೊದಾಗ ಇರೋದು ಎಟಿಎಂ ಕಾರ್ಡ್ ಅಲ್ಲ ಗೆಳೆಯರ. ಅಳತಿ ಮಾತ್ರ ಅದೇ. ಉದ್ದ 85.6 ಮಿಲಿಮೀಟರ್, ಅಗಲ 54. ದಪ್ಪ ಅಷ್ಟ ಹೆಚ್ಚು, 5 ಮಿಲಿಮೀಟರ್. ಒಂದು ತುದಿಗೆ ಎರಡು ಸಾಲಿನಾಗ 68 ಸಣ್ಣ ತೂತು. ಇನ್ನೊಂದು ತುದಿಗೆ ವೈರ್ ಚುಚ್ಚೋ ಎರಡು ಬಾಯಿ. ಅವುಗಳ ಪಕ್ಕದಾಗ ಕಂಡೂ ಕಾಣದಂಗ ಒಂದು ದುಂಡನೆ ತೂತು ಐತಿ, ಫೋಟೊ ದೊಡ್ಡದು ಮಾಡಿ ನೋಡ್ರಿ. ಈ ಸರಣಿ ಪೂರ್ತಿ ಆ ದುಂಡನೆ ತೂತಿನ ಸಲುವಾಗಿ.

ಇದಕ್ಕ ಪಿಸಿ ಕಾರ್ಡ್ ಅಂತ ಹೆಸರು. ಹಳಬರು ಪಿಸಿಎಂಸಿಐಎ ಕಾರ್ಡ್ ಅಂತಾರ. 1989ರಲ್ಲಿ ಹಲವು ಕಂಪನಿಗಳು ಕೂಡಿ ಕಟ್ಟಿಕೊಂಡ ಸಂಘದ ಹೆಸರೇ ಕಾರ್ಡಿಗೂ ಬಿತ್ತು. (ಆ ಆರು ಅಕ್ಷರ ಯಾರ ಬಾಯಾಗೂ ನಿಲ್ಲೋದಿಲ್ಲ ಅಂತ ಆಗಿನ ಇಂಜಿನಿಯರುಗಳೇ ನಗ್ತಿದ್ರು.) ಆ ಕಾಲದ ಲ್ಯಾಪ್‌ಟಾಪಿನಾಗ ಮೋಡೆಮ್ ಇಲ್ಲ, ನೆಟ್‌ವರ್ಕ್ ಇಲ್ಲ, ವೈಫೈ ಅಂತೂ ಇಲ್ಲವೇ ಇಲ್ಲ. ಏನು ಬೇಕೋ ಅದನ್ನ ಕಾರ್ಡಿನ ರೂಪದಾಗ ತಂದು ಲ್ಯಾಪ್‌ಟಾಪಿನ ಮಗ್ಗಲಿಗೆ ತೂರಿಸೋದು. ಮನಿಗೆ ಆಮ್ಯಾಲೆ ಒಂದು ಖೋಲಿ ಸೇರಿಸಿದಂಗ.

ಈಗ ಪ್ರಶ್ನೆ. 2002ರ ಸುಮಾರಿಗೆ ನಿಮ್ಮ ಕೈಯಾಗ ಒಂದು ಐಪಾಡ್ ಐತಿ, ಒಂದು ವಿಂಡೋಸ್ ಲ್ಯಾಪ್‌ಟಾಪ್ ಐತಿ, ಈ ಕಾರ್ಡ್ ಐತಿ ಅಂತ ತಿಳ್ಕೊಳ್ರಿ. ಕಾರ್ಡಿಗೆ ಐಪಾಡ್ ಚುಚ್ಚಿದ್ರ ಚಾರ್ಜ್ ಆಗ್ತಿತ್ತಾ?

ಹಾಡು ಹೋಗ್ತಿದ್ವು. ಕರೆಂಟ್ ಹೋಗ್ತಿರಲಿಲ್ಲ.

ಯಾಕಂತ ತಿಳೀಬೇಕಾದ್ರ ಸ್ವಲ್ಪ ಹಿಂದಕ್ಕ ಹೋಗಬೇಕು. ಕ್ಯಾಲಿಫೋರ್ನಿಯಾಕ್ಕ ಆಮ್ಯಾಲೆ ಹೋಗೋಣು. ಮೊದಲು ಬೆಳಗಾವಿ ಮಗ್ಗಲಿನ ಸುಳೇಭಾವಿಗೆ ನಡೀರಿ.


ಭಾಗ 2

1924ರ ಏಪ್ರಿಲ್ 8ರಂದು ಸುಳೇಭಾವಿಯಲ್ಲಿ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಅನ್ನೋ ಹುಡುಗ ಹುಟ್ಟಿದ. ಜಗತ್ತು ಅವನನ್ನ ಕುಮಾರ ಗಂಧರ್ವ ಅಂತ ಗುರುತಿಸ್ತು. ಮುಂಬಯಿಯಲ್ಲಿ ಬಿ.ಆರ್. ದೇವಧರರ ಹತ್ತಿರ ಕಲಿಯೋದಕ್ಕೂ ಮೊದಲೇ, ಇನ್ನೂ ಸಣ್ಣಾವ ಇದ್ದಾಗಲೇ, ಗ್ರಾಮೋಫೋನಿನಾಗ ದೊಡ್ಡ ದೊಡ್ಡ ಗಾಯಕರ ಹಾಡು ಕೇಳಿ ಅವನ್ನ ಇದ್ದಂಗ ಹಾಡಿ ತೋರಿಸ್ತಿದ್ದ ಅನ್ನೋದು ಎಲ್ಲರಿಗೂ ಗೊತ್ತಿರೋ ಸಂಗತಿ.

ಈ ಸಂಗತಿಯೊಳಗ ನಾವು ಗಮನಿಸದ ಒಂದು ಮಾತೈತಿ. ಆ ಗ್ರಾಮೋಫೋನಿಗೆ ಕರೆಂಟ್ ಬೇಕಾಗಿರಲಿಲ್ಲ. ಮಗ್ಗಲಿಗಿದ್ದ ಹಿಡಿಕೆ ತಿರುವಿದ್ರ ಒಳಗಿನ ಸ್ಪ್ರಿಂಗ್ ಬಿಗಿ ಆಗ್ತಿತ್ತು. ಅದು ನಿಧಾನಕ್ಕ ಬಿಚ್ಚಿಕೊಂತ ರೆಕಾರ್ಡನ್ನ ನಿಮಿಷಕ್ಕ 78 ಸುತ್ತು ತಿರುಗಿಸ್ತಿತ್ತು. ಒಂದು ಮಗ್ಗಲು ಸುಮಾರು ಮೂರು ನಿಮಿಷ. ಮುಗೀತಂದ್ರ ರೆಕಾರ್ಡು ಹೊಳ್ಳಿ ಹಾಕು, ಮತ್ತ ಹಿಡಿಕೆ ತಿರುವು. ಸೂಟ್‌ಕೇಸಿನಂಗ ಹಿಡ್ಕೊಂಡು ಹೋಗೋ ಮಾದರಿಗಳೂ ಇದ್ವು. ಅಂದ್ರ ನಮ್ಮ ಊರ ಕಡೆ ಎಷ್ಟೋ ಹಳ್ಳಿಗೆ ವಿದ್ಯುತ್ ಕಂಬ ಬರೋದಕ್ಕಿಂತ ಮೊದಲೇ ಹಾಡಿನ ಪೆಟ್ಟಿಗಿ ಬರಬಹುದಿತ್ತು. ಚಾರ್ಜರ್ ಎಲ್ಲಿ? ನಿಮ್ಮ ರಟ್ಟಿಯೊಳಗ.

ಆಮ್ಯಾಲೆ ಟ್ರಾನ್ಸಿಸ್ಟರ್ ಬಂತು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಗಿತ್ತು. ಮುಂದಿನ ದಶಕಗಳಲ್ಲಿ ಹೊಲದ ಬದುವಿನ ಮ್ಯಾಲೆ, ಎತ್ತಿನ ಗಾಡಿಯೊಳಗ, ಕಟ್ಟಿ ಮ್ಯಾಲೆ ಎಲ್ಲಾ ಕಡೆ ಹಾಡು ಕೇಳಿಸ್ತು. ಈಗ ಶಕ್ತಿ ಸಿಗೋದು ಕಿರಾಣಿ ಅಂಗಡಿಯೊಳಗ: ಸೆಲ್ಲು. ಸೆಲ್ಲು ಮುಗಿದ್ರ ಬಿಸಿಲಿಗಿಟ್ಟು ಇನ್ನೊಂದೆರಡು ದಿನ ಎಳಿಯೋ ವಿದ್ಯೆ ನಿಮ್ಮ ಅಜ್ಜನ್ನ ಕೇಳ್ರಿ, ನಗ್ತಾ ಹೇಳ್ತಾರ. 1979ರ ಜುಲೈ 1ರಂದು ಸೋನಿ ವಾಕ್‌ಮನ್ ಬಂದಾಗ ಅದಕ್ಕೂ ಎರಡು ಪೆನ್ಸಿಲ್ ಸೆಲ್ಲೇ ಆಧಾರ.

1998ರಲ್ಲಿ, ಅಂದ್ರ ಖಾನಾಪುರ ರಸ್ತೆಯ ಮಚ್ಛೆಯೊಳಗಿನ ನಮ್ಮ ವಿಟಿಯು ಹುಟ್ಟಿದ ವರ್ಷವೇ, ರಿಯೋ ಪಿಎಂಪಿ300 ಅನ್ನೋ ಎಂಪಿ3 ಪ್ಲೇಯರ್ ಮಾರಾಟಕ್ಕ ಬಂತು. ಒಳಗ 32 ಎಂಬಿ ಜಾಗ. ನಗಬ್ಯಾಡ್ರಿ, ಏಳೆಂಟು ಹಾಡು ಹಿಡೀತಿದ್ವು. ಹಾಡು ಬರೋದು ಕಂಪ್ಯೂಟರಿನ ಪ್ರಿಂಟರ್ ಪೋರ್ಟಿನಿಂದ. ಶಕ್ತಿ ಬರೋದು ಒಂದು ಪೆನ್ಸಿಲ್ ಸೆಲ್ಲಿನಿಂದ.

ಇಲ್ಲೀತನಕ ಒಂದು ಸಂಗತಿ ಬದಲಾಗಿರಲಿಲ್ಲ. ಹಾಡಿನ ದಾರಿ ಬ್ಯಾರೆ, ಶಕ್ತಿಯ ದಾರಿ ಬ್ಯಾರೆ. ಒಂದು ಕಡೆ ಕೈ ಕೊಟ್ರ ಇನ್ನೊಂದು ನಡೀತಿತ್ತು. ಕಂಪ್ಯೂಟರ್ ಕೆಟ್ರೂ ರಿಯೋ ಹಾಡ್ತಿತ್ತು, ಅಂಗಡಿಯೊಳಗ ಸೆಲ್ಲು ಸಿಕ್ರ ಸಾಕು.


ಭಾಗ 3

2001ರ ಅಕ್ಟೋಬರ್ 23. ಆ್ಯಪಲ್ ಐಪಾಡ್ ತೋರಿಸ್ತು. 5 ಜಿಬಿ, 1,000 ಹಾಡು, 399 ಡಾಲರ್. ಒಳಗ ತೊಶಿಬಾ ಮಾಡಿದ 1.8 ಇಂಚಿನ ಹಾರ್ಡ್ ಡಿಸ್ಕ್, ನಿಜವಾಗಿಯೂ ಗರಗರ ತಿರುಗೋದು. ತಮಾಷೆ ಏನಂದ್ರ, ಆ ಜಾತಿಯ ಪುಟ್ಟ ಡಿಸ್ಕನ್ನ ತೊಶಿಬಾ ಪಿಸಿ ಕಾರ್ಡಿನ ರೂಪದಾಗೂ ಮಾರ್ತಿತ್ತು. ಐಪಾಡಿನ ಹೃದಯ ಮತ್ತು ನಮ್ಮ ಮೊದಲ ಫೋಟೊದ ಕಾರ್ಡ್ ಒಂದೇ ಅಳತಿಯ ಅಣ್ಣ-ತಮ್ಮ.

ಡಿಸ್ಕ್ ಸದಾ ತಿರುಗಿದ್ರ ಬ್ಯಾಟರಿ ಎಷ್ಟೊತ್ತು ತಡೀತದ? ಅದಕ್ಕ 32 ಎಂಬಿ ಮೆಮೊರಿ ಇಟ್ರು. ಡಿಸ್ಕ್ ಒಮ್ಮೆ ತಿರುಗಿ ಸುಮಾರು 20 ನಿಮಿಷದ ಹಾಡು ಮೆಮೊರಿಗೆ ತುಂಬಿ ನಿದ್ದಿ ಹೋಗ್ತಿತ್ತು. ಖಾಲಿ ಆಗ್ತಾ ಬಂದಾಗ ಎದ್ದು ಮತ್ತ ತುಂಬ್ತಿತ್ತು. ಗ್ರಾಮೋಫೋನಿನ ಹಿಡಿಕೆ ನೆನಪಾಗ್ತದಲ್ಲ? ಒಮ್ಮೆ ತಿರುವು, ಕೂತು ಕೇಳು. ನನಗ ಐಪಾಡಿನಾಗ ಭಾಳ ಮೆಚ್ಚಿಗಿ ಆದ ಉಪಾಯ ಇದು. ಇದರಿಂದ 10 ತಾಸು ಹಾಡು ಕೇಳಬಹುದಿತ್ತು.

ಆದ್ರ ಬ್ಯಾಟರಿ ಒಳಗೇ ಮುಚ್ಚಿದ್ದು. ಸೆಲ್ಲು ತೆಗೆದು ಹಾಕೋ ಬಾಗಿಲು ಇಲ್ಲ. ಒಳಗ ತುಂಬಾಕ ಒಂದೇ ಒಂದು ಬಾಯಿ, ಫೈರ್‌ವೈರ್. ಹಾಡು ಅದರಿಂದನ, ಕರೆಂಟ್ ಅದರಿಂದನ. ಎರಡು ದಾರಿ ಮೊದಲ ಸಲ ಒಂದಾದ್ವು.

ಯುಎಸ್‌ಬಿ ಯಾಕ ಬ್ಯಾಡ ಅಂದ್ರು? ಆಗ ಹೆಚ್ಚಿನ ಕಂಪ್ಯೂಟರಿನಾಗ ಇದ್ದದ್ದು ಯುಎಸ್‌ಬಿ 1.1, ಸೆಕೆಂಡಿಗೆ 12 ಮೆಗಾಬಿಟ್. ಫೈರ್‌ವೈರ್ 400 ಮೆಗಾಬಿಟ್. ಸಾವಿರ ಹಾಡು 10 ನಿಮಿಷದೊಳಗ ತುಂಬ್ತಾವು ಅಂತ ಆ್ಯಪಲ್ ಹೇಳಿಕೊಂಡಿತ್ತು. ಯುಎಸ್‌ಬಿ 1.1ರಲ್ಲಿ ಅದಕ್ಕ ತಾಸುಗಟ್ಟಲೆ ಹಿಡೀತಿತ್ತು.


ಭಾಗ 4

ಈಗ ಎರಡನೇ ಫೋಟೊ. ಎರಡು ಪ್ಲಗ್ ಮಗ್ಗಲ ಮಗ್ಗಲಿಗೆ. ದೊಡ್ಡದರೊಳಗ ಆರು ಪಿನ್, ಸಣ್ಣದರೊಳಗ ನಾಲ್ಕು. ಎರಡೂ ಫೈರ್‌ವೈರೇ. 1995ರಲ್ಲಿ ಐಇಇಇ 1394 ಅಂತ ಇದಕ್ಕ ಪಕ್ಕಾ ನಿಯಮ ಆಯಿತು. ನಾಲ್ಕು ಪಿನ್ ಮಾಹಿತಿ ಒಯ್ಯಾಕ. ಉಳಿದ ಎರಡು ಕರೆಂಟ್ ಒಯ್ಯಾಕ: 8ರಿಂದ 30 ವೋಲ್ಟ್‌ವರೆಗೆ, ಗಟ್ಟಿ ಶಕ್ತಿ.

ಹಂಗಾದ್ರ ನಾಲ್ಕು ಪಿನ್ನಿನ ಸಣ್ಣ ಪ್ಲಗ್ ಯಾಕ ಮಾಡಿದ್ರು? ಕ್ಯಾಮೆರಾ ಸಲುವಾಗಿ. ವಿಡಿಯೊ ಕ್ಯಾಮೆರಾಕ್ಕ ತನ್ನದೇ ಬ್ಯಾಟರಿ ಇರ್ತದ, ಕಂಪ್ಯೂಟರಿನಿಂದ ಕರೆಂಟ್ ಬೇಡೋದಿಲ್ಲ. ಎರಡು ಪಿನ್ ಕಡಿಮಿ ಆದ್ರ ಬಾಯಿ ಸಣ್ಣದಾಗ್ತದ, ಕ್ಯಾಮೆರಾ ತೆಳ್ಳಗಾಗ್ತದ. ಸೋನಿ ಇದನ್ನ ಐಲಿಂಕ್ ಅಂತ ಕರೀತು. ವಿಂಡೋಸ್ ಲ್ಯಾಪ್‌ಟಾಪ್ ಮಾಡೋರೂ ಈ ಸಣ್ಣ ಬಾಯಿಯನ್ನೇ ಒಪ್ಪಿಕೊಂಡ್ರು. ಜಾಗ ಉಳೀತು, ಬ್ಯಾಟರಿನೂ ಉಳೀತು.

ಬೆಳಗಾವಿಯಂಥ ಊರಿಗೆ ಫೈರ್‌ವೈರ್ ಬಂದದ್ದು ಹಾಡಿನ ಸಲುವಾಗಿ ಅಲ್ಲ, ಮದ್ವಿ ಸಲುವಾಗಿ! ನಿಮ್ಮೊಳಗ ಭಾಳ ಮಂದಿಯ ಅಪ್ಪ-ಅವ್ವ, ಕಾಕಾ-ಕಾಕು, ಮಾಮಾ-ಮಾಮಿ ಮದ್ವಿ ಆದದ್ದು ಮಿನಿ ಡಿವಿ ಕ್ಯಾಸೆಟ್ ಕಾಲದಾಗ. ಆ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ವಿಡಿಯೊ ಇಳಿಸೋದು ಫೈರ್‌ವೈರಿನಿಂದ. ಒಂದು ತಾಸಿನ ಮದ್ವಿ ಇಳಿಸಾಕ ಒಂದು ತಾಸೇ ಬೇಕು, ಕ್ಯಾಸೆಟ್ ಓಡಿದಷ್ಟ ವಿಡಿಯೊ ಇಳಿಯೋದು. ವಿಡಿಯೊ ಸ್ಟುಡಿಯೋದ ಕಂಪ್ಯೂಟರಿನಾಗ ಫೈರ್‌ವೈರ್ ಇರೋದು ಕಡ್ಡಾಯ. ಕನ್ಯಾದಾನದ ಮ್ಯಾಲೆ ಹೃದಯದಾಕಾರದ ಚೌಕಟ್ಟು ತೇಲಿ ಬರೋ ಆ ಎಡಿಟಿಂಗ್ ನೋಡಿ ನಗ್ತೀರಲ್ಲ, ಅದರ ಹಿಂದ ಇದ್ದದ್ದು ಈ ವೈರ್.

ಅಲ್ಲಿ ಯಾರಿಗೂ ಎರಡು ಪಿನ್ ಕೊರತಿ ಕಾಣಲಿಲ್ಲ. ಕ್ಯಾಮೆರಾದ ಹೊಟ್ಟಿ ಮೊದಲೇ ತುಂಬಿರ್ತಿತ್ತು. ಹೊಟ್ಟಿ ಹಸಿದ ಐಪಾಡ್ ಬಂದು ಕೂತಾಗಲೇ ಗೊತ್ತಾದದ್ದು, ತಾಟು ಹಾಕ್ಯಾರ, ಊಟ ಬಡಿಸಿಲ್ಲ ಅಂತ.


ಭಾಗ 5

2002ರ ಜುಲೈನಾಗ ಐಪಾಡ್ ವಿಂಡೋಸಿಗೂ ಬಂತು. (ಅದೇ ವರ್ಷ ಜೂನ್ 1ಕ್ಕ ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂ ಶುರುವಾಗಿತ್ತು. ಕಾಕತಾಳೀಯ ಅಷ್ಟ, ಆದ್ರ ನೆನಪಿಡಾಕ ಚಲೋ.) ಆರು ಪಿನ್ನಿಂದ ನಾಲ್ಕು ಪಿನ್ನಿಗೆ ಜೋಡಿಸೋ ಪುಟ್ಟ ತುಂಡೊಂದು ಡಬ್ಬಿಯೊಳಗೇ ಬರ್ತಿತ್ತು. ಅದನ್ನ ಹಾಕಿದ್ರ ಲ್ಯಾಪ್‌ಟಾಪ್ ಐಪಾಡನ್ನ ಗುರುತಿಸ್ತಿತ್ತು, ಹಾಡೂ ಹೋಗ್ತಿದ್ವು. ಆದ್ರ ಹಾಡು ಹೋಗೋವಾಗ ಡಿಸ್ಕ್ ನಿದ್ದಿ ಮಾಡಂಗಿಲ್ಲ, ತಿರುಗ್ತಾನೇ ಇರಬೇಕು. ಚಾರ್ಜ್ ಆಗೋದು ದೂರ ಉಳೀತು, ಇದ್ದ ಬ್ಯಾಟರಿನೂ ಕರಗ್ತಿತ್ತು. ಮಂದಿ ಆರು ತಿಂಗಳು ಕಾದು ತರಿಸಿದ ಡಬ್ಬಿಯೊಳಗ ಹಾಡು ತುಂಬೋವಾಗ ಅದೇ ಆರಿ ಹೋದ್ರ ಹೆಂಗಿರಬ್ಯಾಡ!

ಆಗ ಜನ ಆರು ಪಿನ್ ಬಾಯಿ ಇರೋ ಪಿಸಿ ಕಾರ್ಡ್ ಹುಡುಕಿದ್ರು. ದೊಡ್ಡ ಬಾಯಿ, ಆರೂ ಪಿನ್ ಹಾಜರು. ಇನ್ನು ಚಿಂತಿ ಇಲ್ಲ ಅಂತ ತಿಳಿದ್ರು.

ಚಿಂತಿ ಇತ್ತು. ಲೆಕ್ಕ ನೋಡ್ರಿ. ಲ್ಯಾಪ್‌ಟಾಪ್ ಈ ಕಾರ್ಡಿನ ಸಾಲಿಗೆ ಕೊಡೋದೇ 3.3 ವೋಲ್ಟ್, ಇಲ್ಲಾ 5 ವೋಲ್ಟ್. ಒಟ್ಟು ಶಕ್ತಿ ಕೆಲವೇ ವ್ಯಾಟ್, ಅದೂ ಕಾರ್ಡ್ ತಾನು ಬದುಕಾಕ. ಐಪಾಡ್ ಕೇಳೋದು ಫೈರ್‌ವೈರಿನ 8 ವೋಲ್ಟಿಗಿಂತ ಹೆಚ್ಚು. ಅದರ ಗೋಡೆ ಚಾರ್ಜರ್ ಕೊಡ್ತಿದ್ದದ್ದು ಸುಮಾರು 12 ವೋಲ್ಟ್. ಕಾರ್ಡಿನ ಒಳಗ ಆ ಎರಡು ಪಿನ್ನಿಗೆ ಕೊಡಾಕ ಏನೂ ಇರಲಿಲ್ಲ. ಪಿನ್ ಇದ್ವು, ಖಾಲಿ ಕೂತಿದ್ವು.

ಅದಕ್ಕ ಆ ದುಂಡನೆ ತೂತು. ಹೊರಗಿನಿಂದ ಒಂದು ಅಡಾಪ್ಟರ್ ತಂದು ಅಲ್ಲಿ ಚುಚ್ಚಿದ್ರ ಕರೆಂಟ್ ಕಾರ್ಡಿನ ಮೂಲಕ ಹಾದು ಆರು ಪಿನ್ನಿನ ಬಾಯಿಗೆ ಹೋಗಿ ಐಪಾಡಿನ ಹೊಟ್ಟಿ ತುಂಬಿಸ್ತಿತ್ತು. ಎಷ್ಟೋ ಸಲ ಆ ಅಡಾಪ್ಟರ್ ಕಾರ್ಡಿನ ಜೋಡಿ ಬರ್ತಿರಲೇ ಇಲ್ಲ, ಬ್ಯಾರೆ ಕೊಳ್ಳಬೇಕು. ಕೆಲವು ಕಾರ್ಡಿನ ಜೋಡಿ ಒಂದು ವೈರ್ ಬರ್ತಿತ್ತು: ಒಂದು ತುದಿ ಅದೇ ಲ್ಯಾಪ್‌ಟಾಪಿನ ಯುಎಸ್‌ಬಿಗೆ, ಇನ್ನೊಂದು ತುದಿ ದುಂಡನೆ ತೂತಿಗೆ. ಒಂದು ಕಿಸೆಯೊಳಗಿಂದ ತೆಗೆದು ಇನ್ನೊಂದು ಕಿಸೆಗೆ ಹಾಕಿದಂಗ! ಅದರಿಂದ ಬರೋದೂ 5 ವೋಲ್ಟೇ, ಐಪಾಡಿಗೆ ಸಾಲದು.

ಈಗ ಇದನ್ನ ಖಾನಾಪುರಕ್ಕ ತಂದು ಇಟ್ಟು ನೋಡ್ರಿ.

ಬೆಳಗಾವಿಯಿಂದ ಪಿರನವಾಡಿ, ಮಚ್ಛೆ ದಾಟಿ ಸುಮಾರು 26 ಕಿಲೋಮೀಟರ್ ಹೋದ್ರ ಖಾನಾಪುರ. ಅಲ್ಲಿಂದ ಮುಂದ ಮಲಪ್ರಭೆ ಹುಟ್ಟೋ ಕಣಕುಂಬಿ ಕಡೆ ಹೋಗ್ರಿ, ಇಲ್ಲಾ 2011ರಲ್ಲಿ ಅಭಯಾರಣ್ಯ ಆದ ಭೀಮಗಡದ ಕಾಡಿನ ಕಡೆ ಹೋಗ್ರಿ. ಮಳಿಗಾಲದ ಮಳಿ ಹೆಂಗಂತ ಆ ಕಡೆಯ ಗೆಳೆಯರಿಗೆ ಹೇಳಬೇಕಾಗಿಲ್ಲ. ಗಾಳಿಗೆ ಮರ ಬೀಳ್ತದ, ಮರದ ಜೋಡಿ ತಂತಿ ಬೀಳ್ತದ, ದಟ್ಟ ಕಾಡಿನಾಗ ಅದನ್ನ ಹುಡುಕಿ ಜೋಡಿಸೋತನಕ ಕತ್ತಲಿ. ಇಂಥ ಊರಾಗ ಲ್ಯಾಪ್‌ಟಾಪ್ ಅಂದ್ರ ಬರೇ ಕಂಪ್ಯೂಟರ್ ಅಲ್ಲ. ಅದರ ಹೊಟ್ಟಿಯೊಳಗ ಕೂಡಿಟ್ಟ ಕರೆಂಟ್ ಇರ್ತದ. ಈಗ ನೀವು ಪವರ್ ಬ್ಯಾಂಕ್ ಅಂತೀರಲ್ಲ, ಅದು.

ಆದ್ರ ಈ ಕಾರ್ಡ್ ಆ ಕೂಡಿಟ್ಟ ಕರೆಂಟನ್ನ ಐಪಾಡಿಗೆ ದಾಟಿಸ್ತಿರಲಿಲ್ಲ. ದಾಟಬೇಕಂದ್ರ ಗೋಡೆಗೆ ಅಡಾಪ್ಟರ್ ಬೇಕು. ಗೋಡೆಯೊಳಗ ಕರೆಂಟ್ ಇದ್ರ ಐಪಾಡಿನ ಚಾರ್ಜರನ್ನೇ ನೇರ ಗೋಡೆಗೆ ಹಾಕ್ತಿದ್ರಲ್ಲ, ಕಾರ್ಡ್ ಯಾಕ? ಇಡೀ ಲ್ಯಾಪ್‌ಟಾಪ್ ಬ್ಯಾಟರಿ ಎದುರಿಗೆ ತುಂಬಿ ಕೂತೈತಿ, ನಡುವ ಬೆರಳುದ್ದದ ಕಾರ್ಡ್, ಈ ಕಡೆ ಸತ್ತ ಐಪಾಡ್. ಹಿಡಿಕೆ ತಿರುವೋ ಗ್ರಾಮೋಫೋನಿಗೆ ಕಣಕುಂಬಿಯ ಮಳಿ ಲೆಕ್ಕಕ್ಕೇ ಇರಲಿಲ್ಲ. 399 ಡಾಲರಿನ ಡಬ್ಬಿಗೆ ಇತ್ತು.

ಇದು ಯಾರೋ ಬೇಕಂತ ಮಾಡಿದ ಮೋಸ ಅಂತ ನನಗ ಅನ್ನಿಸೋದಿಲ್ಲ. ಕಾರ್ಡಿನ ನಿಯಮ ಬರೆದವರು ಮೋಡೆಮ್ ನೆನಸಿದ್ರು. ನಾಲ್ಕು ಪಿನ್ ಮಾಡಿದವರು ಕ್ಯಾಮೆರಾ ನೆನಸಿದ್ರು. ಐಪಾಡ್ ಮಾಡಿದವರು ಮ್ಯಾಕ್ ನೆನಸಿದ್ರು, ಅದರಾಗ ಆರು ಪಿನ್ನೂ ಜೀವಂತ ಇರ್ತಿದ್ವು. ಯಾವಾಗಲೂ ಕರೆಂಟ್ ಇರದ ಗೋಡೆಯನ್ನ ಮಾತ್ರ ಯಾರೂ ನೆನಸಲಿಲ್ಲ.


ಭಾಗ 6

ಇದರ ಮುಂದಿನ ವರ್ಷ ಇನ್ನೂ ವಿಚಿತ್ರ. 2003ರ ಏಪ್ರಿಲ್‌ನಾಗ ಬಂದ ಮೂರನೇ ಪೀಳಿಗೆಯ ಐಪಾಡಿಗೆ ತಳದಾಗ ಚಪ್ಪಟೆ 30 ಪಿನ್ನಿನ ಬಾಯಿ. ಯುಎಸ್‌ಬಿ 2.0ನಿಂದಲೂ ಹಾಡು ತುಂಬಬಹುದು ಅಂದ್ರು. ಆದ್ರ ಯುಎಸ್‌ಬಿಯಿಂದ ಚಾರ್ಜ್ ಆಗೋದಿಲ್ಲ! ಚಾರ್ಜಿಗೆ ಫೈರ್‌ವೈರೇ ಬೇಕು. ಅದಕ್ಕ ಆ್ಯಪಲ್ ಎರಡು ತಲಿ ಇರೋ ಕೇಬಲ್ ಮಾರಿತು. ಐಪಾಡ್ ಕಡೆ ಒಂದೇ ಪ್ಲಗ್, ಇನ್ನೊಂದು ಕಡೆ ಕವಲೊಡೆದು ಒಂದು ಯುಎಸ್‌ಬಿ, ಒಂದು ಫೈರ್‌ವೈರ್. ಯುಎಸ್‌ಬಿ ತಲಿ ಕಂಪ್ಯೂಟರಿಗೆ ಹಾಡಿನ ಸಲುವಾಗಿ, ಫೈರ್‌ವೈರ್ ತಲಿ ಗೋಡೆ ಚಾರ್ಜರಿಗೆ ಕರೆಂಟಿನ ಸಲುವಾಗಿ. ಒಂದಾದ ದಾರಿ ಮತ್ತ ಎರಡಾದ್ವು ನೋಡ್ರಿ, ಅದೂ ಒಂದೇ ವೈರಿನೊಳಗ.

2004ರಲ್ಲಿ ಐಪಾಡ್ ಮಿನಿ ಮತ್ತು ನಾಲ್ಕನೇ ಪೀಳಿಗೆ ಯುಎಸ್‌ಬಿಯಿಂದ ಚಾರ್ಜ್ ಆಗಾಕ ಹತ್ತಿದ್ವು. 5 ವೋಲ್ಟ್, 500 ಮಿಲಿಆಂಪ್, ಅಂದ್ರ ಎರಡೂವರೆ ವ್ಯಾಟ್. ಫೈರ್‌ವೈರಿನ ಮುಂದ ಇದು ಎಳೆ ಕೂಸು. ಆದ್ರ ಎಲ್ಲಾ ಲ್ಯಾಪ್‌ಟಾಪಿನಾಗ ಇದ್ದದ್ದು ಈ ಕೂಸೇ. ಖಾನಾಪುರದ ಕತ್ತಲಿಯೊಳಗ ಕೆಲಸಕ್ಕ ಬಂದದ್ದೂ ಇದೇ. ಗಟ್ಟಿದ್ದದ್ದು ಸೋತು, ಎಲ್ಲಾ ಕಡೆ ಸಿಗೋದು ಗೆದ್ದಿತು.

2005ರ ಹೊಸ ಐಪಾಡುಗಳಲ್ಲಿ ಫೈರ್‌ವೈರಿನಿಂದ ಹಾಡು ತುಂಬೋದು ನಿಂತಿತು, ಚಾರ್ಜ್ ಅಷ್ಟ ಉಳೀತು. 2008ರ ನ್ಯಾನೋ ಮತ್ತು ಟಚ್‌ಗಳಲ್ಲಿ ಅದೂ ಹೋಯಿತು. ಫೈರ್‌ವೈರ್ ಪಿನ್ನಿಗೆ ಕರೆಂಟ್ ಕೊಡ್ತಿದ್ದ ಹಳೇ ಸ್ಪೀಕರ್ ಮತ್ತು ಕಾರಿನ ಚಾರ್ಜರುಗಳ ಮ್ಯಾಲೆ ಹೊಸ ಐಪಾಡ್ ಇಟ್ರ ಹಾಡ್ತಿತ್ತು, ಚಾರ್ಜ್ ಮಾತ್ರ ಇಲ್ಲ. 2022ರ ಮೇ 10ರಂದು ಆ್ಯಪಲ್ ಐಪಾಡ್ ಸಾಲನ್ನೇ ಮುಗಿಸ್ತು. ಪಿಸಿ ಕಾರ್ಡಿನ ಜಾಗಕ್ಕ 2003ರಲ್ಲಿ ಎಕ್ಸ್‌ಪ್ರೆಸ್ ಕಾರ್ಡ್ ಬಂದಿತ್ತು, ಅದಕ್ಕ ಸಿಗ್ತಿದ್ದದ್ದು 3.3 ಮತ್ತು 1.5 ವೋಲ್ಟ್. ಹಿಂಗಾಗಿ ಅದರ ಯುಎಸ್‌ಬಿ ಕಾರ್ಡುಗಳಲ್ಲೂ ನಮ್ಮ ಗೆಳೆಯ ದುಂಡನೆ ತೂತು ಮತ್ತ ಹಾಜರ್.


ಭಾಗ 7

ಇದೆಲ್ಲಾ ಹಳೇ ಕಥಿ, ಈಗ ಟೈಪ್-ಸಿ ಐತಿ ಅಂತೀರಾ? ಹೌದು, 2024ರ ಡಿಸೆಂಬರ್ 28ರಿಂದ ಯುರೋಪಿನಾಗ ಫೋನು, ಹೆಡ್‌ಫೋನು, ಸಣ್ಣ ಸ್ಪೀಕರ್ ಎಲ್ಲದಕ್ಕೂ ಅದೇ ಕಡ್ಡಾಯ. 2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪಿನಾಗ ಮತ್ತ ಬದಲಾಯಿಸೋ ಕಾರ್ಡುಗಳು ಬಂದಾವು, ಒಂದೊಂದರ ಬೆನ್ನಿಗೂ ಟೈಪ್-ಸಿ ಪ್ಲಗ್. ಟೈಪ್-ಸಿ ಕಾರ್ಡಿನ ಮೂಲಕ ಕರೆಂಟ್ ಸರಾಗ ಹಾದು ಹೋಗ್ತದ, ದುಂಡನೆ ತೂತು ಬೇಕಿಲ್ಲ.

ಆದ್ರ ಆನ್‌ಲೈನಿನಾಗ ಸಿಗೋ ಅಗ್ಗದ ಎಂಪಿ3 ಪ್ಲೇಯರ್ ತರಿಸಿ ನೋಡ್ರಿ. ಟೈಪ್-ಸಿ ಬಾಯಿ ಇರ್ತದ. ಎರಡೂ ಕಡೆ ಟೈಪ್-ಸಿ ಇರೋ ಕೇಬಲ್ ಹಾಕಿದ್ರ ಒಮ್ಮೊಮ್ಮೆ ಚಾರ್ಜ್ ಆಗೋದೇ ಇಲ್ಲ! ಹಳೇ ಚಪ್ಪಟೆ ಯುಎಸ್‌ಬಿ ಕೇಬಲ್ ಹಾಕಿದ್ರ ಆಗ್ತದ. ಟೈಪ್-ಸಿಯೊಳಗ ಚಾರ್ಜರ್ ಸುಮ್ಮನ ಕರೆಂಟ್ ಬಿಡೋದಿಲ್ಲ, "ಆ ಕಡೆ ಯಾರರ ಅದಾರಾ?" ಅಂತ ಮೊದಲು ಕೇಳ್ತದ. ಪ್ಲೇಯರಿನಾಗ 5.1 ಕಿಲೋ ಓಮಿನ ಸಣ್ಣ ರೆಸಿಸ್ಟರ್ ಇದ್ರ "ಅದೀನಿ" ಅಂದಂಗ. ಚಿಲ್ಲರ ಪೈಸೆ ಉಳಿಸಾಕ ಕೆಲವರು ಅದನ್ನ ಬಿಟ್ಟುಬಿಡ್ತಾರ. ಬಾಯಿ ಕೂಡ್ತದ, ಕರೆಂಟ್ ಬರೋದಿಲ್ಲ. ಪ್ಲೇಯರ್ ಕೆಟ್ಟೈತಿ ಅಂತ ಎಸೀಬ್ಯಾಡ್ರಿ, ಕೇಬಲ್ ಬದಲಿಸಿ ನೋಡ್ರಿ.

ಈಗ ನಾ ಈ ಸರಣಿ ಬರದದ್ದರ ಅಸಲಿ ಕಾರಣಕ್ಕ ಬರ್ತೀನಿ. ಸಂಜಿಗೆ ಒಂದು ಗುಡಿಯೊಳಗ ಮರಾಠಿ ಅಭಂಗ, ಇನ್ನೊಂದು ಗುಡಿಯೊಳಗ ಕನ್ನಡ ತತ್ವಪದ ಕೇಳೋ ಸೀಮೆ ನಮ್ಮದು. ಆ ಭಜನಿ ಮೊದಲು ಕ್ಯಾಸೆಟ್ಟಿನಾಗ ಇದ್ವು. ಆಮ್ಯಾಲೆ ಯಾರೋ ಉಮೇದಿಯವರು ಅವನ್ನ ಎಂಪಿ3 ಮಾಡಿ ಇಂಥ ಡಬ್ಬಿಯೊಳಗ ತುಂಬಿದ್ರು. ಕ್ಯಾಸೆಟ್ಟಿಗೆ ಬೂಸ್ಟು ಹಿಡೀತು, ಕಂಪ್ಯೂಟರ್ ಗುಜರಿಗೆ ಹೋಯಿತು. ಹಾಡಿದ ಅಜ್ಜನ ದನಿ ಉಳಿದದ್ದು ಟ್ರಂಕಿನ ತಳದ ಆ ಸತ್ತ ಪ್ಲೇಯರಿನೊಳಗ ಮಾತ್ರ. ಅಂಥದ್ದು ನಿಮ್ಮ ಮನ್ಯಾಗ ಇದ್ರೂ ಇರಬಹುದು.

ಇದ್ರ ಮೊದಲು ನೋಡಬೇಕಾದದ್ದು ಮೈ ಉಬ್ಬಿಲ್ಲಾ ಅಂತ. ಉಬ್ಬಿದ್ರ ಚಾರ್ಜಿಗೆ ಹಾಕಲೇಬ್ಯಾಡ್ರಿ, ಬಲ್ಲವರ ಕಡೆ ಒಯ್ಯಿರಿ. ಉಬ್ಬಿಲ್ಲಂದ್ರ ಯಾವ ಪೀಳಿಗೆಯದು ನೋಡ್ರಿ. ಮೊದಲ ಮೂರು ಪೀಳಿಗೆಯ ಐಪಾಡ್ ಆದ್ರ ಯುಎಸ್‌ಬಿಗೆ ಹಾಕಿ "ಸತ್ತೈತಿ" ಅಂತ ತೀರ್ಮಾನ ಮಾಡಬ್ಯಾಡ್ರಿ, ಅದಕ್ಕ ಫೈರ್‌ವೈರ್ ಚಾರ್ಜರೇ ಬೇಕು. ಮೊದಲ ಎರಡು ಪೀಳಿಗೆಯಿಂದ ಫೈಲ್ ಹೊರಗ ತೆಗಿಯಾಕ ಫೈರ್‌ವೈರ್ ಇರೋ ಹಳೇ ಕಂಪ್ಯೂಟರ್ ಬೇಕು. ನಿಮ್ಮ ಊರಿನ ಹಳೇ ಮದ್ವಿ ವಿಡಿಯೊ ಸ್ಟುಡಿಯೋದ ಮೂಲ್ಯಾಗ ಅದು ಇನ್ನೂ ಇರಬಹುದು, ಹೋಗಿ ವಿಚಾರಿಸ್ರಿ. ತಡ ಮಾಡಬ್ಯಾಡ್ರಿ. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋದಾಗ ಫೈರ್‌ವೈರಿಗೆ ಜಾಗವೇ ಇಲ್ಲ.

ಐಟ್ಯೂನ್ಸ್ ತೆರೆದು "ಇದನ್ನ ಅಳಿಸಿ ಹೊಸದಾಗಿ ತುಂಬಲಾ?" ಅಂತ ಕೇಳಿದ್ರ ಬ್ಯಾಡ ಅನ್ರಿ. ಹಾಡುಗಳು ಡಿಸ್ಕಿನೊಳಗ ಅಡಗಿಸಿಟ್ಟ ಐಪಾಡ್ ಕಂಟ್ರೋಲ್ ಅನ್ನೋ ಫೋಲ್ಡರಿನಾಗ ಇರ್ತಾವು. ಅಡಗಿದ ಫೋಲ್ಡರ್ ತೋರಿಸು ಅಂತ ಕಂಪ್ಯೂಟರಿಗೆ ಹೇಳಿ ಇಡೀ ಫೋಲ್ಡರನ್ನೇ ಎತ್ತಿಕೊಳ್ರಿ, ಎರಡು ಕಡೆ ಇಡ್ರಿ. ಫೈಲಿನ ಹೆಸರು ಎಷ್ಟೋ ಸಲ ತಲಿ-ಬುಡ ಇಲ್ಲದ ಅಕ್ಷರ ಆಗಿರ್ತದ, ಕ್ಯಾಸೆಟ್ಟಿನಿಂದ ಇಳಿಸಿದ್ದಾದ್ರ ಒಳಗೂ ಹೆಸರಿರೋದಿಲ್ಲ. ಯಾರ ದನಿ, ಯಾವ ಊರ ಭಜನಿ ಅಂತ ಗುರುತು ಹಿಡಿಯೋರು ಮನ್ಯಾಗಿನ ಹಿರಿಯರು. ಒಂದೊಂದೇ ಹಾಕಿ ಕೇಳಿಸ್ರಿ, ಅವರು ಹೇಳಿದ್ದನ್ನ ಆಗಿಂದಾಗ ಬರಕೊಳ್ರಿ.

#ಬೆಳಗಾವಿ #ಖಾನಾಪುರ #ಹಾಡಿನಪೆಟ್ಟಿಗಿ #ಫೈರ್‌ವೈರ್ #ನಮ್ಮಊರಇತಿಹಾಸ